ಗಾಳಿಯೂ ಚಿತ್ರಕ್ಕೆ ಬರಲಿ

ಗಾಳಿ ಬೀಸುವ ಕಡಲ ದ್ವೀಪಕ್ಕೆ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ಒಯ್ಯಬಾರದು ಎನ್ನುವುದು ಫೋಟೊ ತೆಗೆಯುವವರಲ್ಲಿ ಬಹುತೇಕ ಒಪ್ಪಿತವಾದ ಮಾತು. ಮರದ ಚೌಕಟ್ಟು, ಮಡಿಕೆ ಮಡಿಕೆಯ ಚರ್ಮದ ತಿದಿ, ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಹೊದೆಯುವ ಕರಿಬಟ್ಟೆ, ಒಂದೊಂದೇ ಹಾಳೆಯಾಗಿ ತುಂಬಬೇಕಾದ ಫಿಲ್ಮು, ಎಲ್ಲವೂ ಗಾಳಿಗೆ ಸಿಕ್ಕರೆ ಅಲುಗುವಂಥವೇ. ನಮ್ಮ ಜಕ್ಕಲಿಯ ಎರೆಹೊಲಗಳಲ್ಲೂ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲೂ ಇಂಥದೊಂದು ಕ್ಯಾಮೆರಾ ನಿಲ್ಲಿಸಿಕೊಂಡು ಕಳೆದ ಕಾಲವನ್ನು ಈಗ ಹಿಂತಿರುಗಿ ನೋಡಿದರೆ ನನಗೆ ಅನ್ನಿಸುವುದು ಇದಕ್ಕೆ ತೀರ ಬೇರೆ. ಗಾಳಿಯ ಜಾಗಕ್ಕೆ ಹೇಳಿ ಮಾಡಿಸಿದ ಕ್ಯಾಮೆರಾ ಇದೇ. ಬೇಡ ಎನ್ನುವವರು ಎರಡು ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾರೆ. ಕ್ಯಾಮೆರಾ ಅಲುಗುವುದು ಒಂದು, ಕ್ಯಾಮೆರಾದ ಎದುರಿಗಿರುವುದು ಅಲುಗುವುದು ಇನ್ನೊಂದು. ಮೊದಲನೆಯದು ದೋಷ. ಅದನ್ನು ತಡೆಯಬಹುದು, ತಡೆಯಲೇಬೇಕು. ಎರಡನೆಯದು ಆ ಜಾಗದ ನಿಜ. ಅದನ್ನು ಯಾಕೆ ಅಳಿಸಿಹಾಕಬೇಕು ಎಂಬುದೇ ನನ್ನ ಪ್ರಶ್ನೆ.

ಜಕ್ಕಲಿ ರೋಣ ಸೀಮೆಯ ಊರು. ಹೊರಗಿನವರಿಗೆ ಈ ಹೆಸರು ಗೊತ್ತಿದ್ದರೆ ಅದು ಅಂದಾನಪ್ಪ ದೊಡ್ಡಮೇಟಿಯವರಿಂದ, ಕರ್ನಾಟಕ ಏಕೀಕರಣಕ್ಕೆ ಜೀವ ಸವೆಸಿದವರ ಊರೆಂದು. ಮುಂಬೈ ಪ್ರಾಂತದಲ್ಲಿದ್ದ ನಮ್ಮ ಎರೆನೆಲವೂ ಮದ್ರಾಸಿನ ಕಡೆಗಿದ್ದ ಮಲ್ಪೆಯ ಕಡಲೂ 1956ರ ನವೆಂಬರ್ 1ರಂದು ಒಂದೇ ರಾಜ್ಯಕ್ಕೆ ಸೇರಿದವು. ಆದರೆ ಗಾಳಿಗೆ ಆ ಮೊದಲೂ ಗಡಿ ಇರಲಿಲ್ಲ. ಪಡುವಣ ಕಡಲಿನಿಂದ ಎದ್ದ ಮುಂಗಾರಿನ ಗಾಳಿ ಘಟ್ಟ ಹತ್ತಿ, ಮಳೆಯನ್ನು ಬಹುಪಾಲು ಅಲ್ಲೇ ಸುರಿದು, ಬರಿಗೈಯಲ್ಲಿ ನಮ್ಮ ಬಯಲಿಗೆ ಬರುತ್ತದೆ. ಆಷಾಢದಲ್ಲಿ ರೋಣ, ನರೇಗಲ್ಲು, ಗಜೇಂದ್ರಗಡದ ಕಡೆ ನಿಂತವರಿಗೆ ಅದರ ಬಿರುಸು ಗೊತ್ತು. ತಡೆಯಲು ದೊಡ್ಡ ಮರವಿಲ್ಲ, ಗುಡ್ಡವೆಂದರೆ ಗಜೇಂದ್ರಗಡದ್ದೇ. ಸುಗ್ಗಿಯಲ್ಲಿ ಮೂಡಗಾಳಿಯ ಸರದಿ. ಯಂತ್ರ ಬರುವ ಮೊದಲು ಬಿಳಿಜೋಳದ ರಾಶಿ ಆಗುತ್ತಿದ್ದುದೇ ಅದರ ದಯೆಯಿಂದ. ಕಣದಲ್ಲಿ ಎತ್ತರಕ್ಕೆ ನಿಂತು ತೂರುವವನು ಗಾಳಿಯನ್ನು ಬಯ್ಯುತ್ತಿರಲಿಲ್ಲ, ಕಾಯುತ್ತಿದ್ದ. ಕಾಳು ಕಾಲಬುಡಕ್ಕೆ, ಹೊಟ್ಟು ಆಚೆಗೆ. ಲಾರ್ಜ್ ಫಾರ್ಮ್ಯಾಟಿನ ಹಾಳೆಯ ಮೇಲೆ ಗಾಳಿ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ನಿಂತದ್ದನ್ನೂ ನಿಲ್ಲದ್ದನ್ನೂ ಅದು ಬೇರೆಬೇರೆ ಮಾಡಿ ಇಡುತ್ತದೆ.

ಇದನ್ನು ಪರೀಕ್ಷಿಸಿ ನೋಡಲು ದ್ವೀಪದವರೆಗೂ ಹೋಗಬೇಕಿಲ್ಲ. ಗಜೇಂದ್ರಗಡದ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ನಮ್ಮ ಕಡೆ ಅವನ್ನು ಫ್ಯಾನು ಎನ್ನುತ್ತಾರೆ. ಮೊಬೈಲಿನಲ್ಲಿ ತೆಗೆದ ಅವುಗಳ ಚಿತ್ರ ನೋಡಿ. ಸೆಕೆಂಡಿನ 500ನೇ ಒಂದು ಭಾಗ ಮಾತ್ರ ತೆರೆದ ಕಣ್ಣಿಗೆ ಮೂರು ರೆಕ್ಕೆಗಳೂ ಕಟ್ಟಿಹಾಕಿದಂತೆ ಕಾಣುತ್ತವೆ. ಕೆಟ್ಟು ನಿಂತ ಯಂತ್ರವೋ, ಮೂರು ಊರಿಗೆ ವಿದ್ಯುತ್ ಕೊಡುತ್ತಿರುವ ಯಂತ್ರವೋ ಆ ಚಿತ್ರ ಹೇಳಲಾರದು. ಈಗ ನಿಮಿಷಕ್ಕೆ ಹದಿನೈದು ಸುತ್ತು ತಿರುಗುವ ಅದೇ ಯಂತ್ರವನ್ನು ಸಂಜೆ ಬೆಳಕಿನಲ್ಲಿ ಒಂದು ಸೆಕೆಂಡು ತೆರೆದಿಟ್ಟು ತೆಗೆಯಿರಿ. ಪ್ರತಿಯೊಂದು ರೆಕ್ಕೆಯೂ ಕಾಲು ಸುತ್ತು ಹೊರಳಿ, ತೆಳ್ಳನೆಯ ಬಿಳಿ ಬೀಸಣಿಕೆಯಾಗಿ ಬೀಳುತ್ತದೆ. ಕೆಳಗಿನ ಕಂಬ ಮಾತ್ರ ಗೆರೆ ಹೊಡೆದ ಹಾಗೆ ನಿಂತಿರುತ್ತದೆ. ಕಂಬ ಎಷ್ಟು ಸ್ಪಷ್ಟವೋ ರೆಕ್ಕೆಯ ಚಲನೆ ಅಷ್ಟು ಖಚಿತ. ಚಿತ್ರವೆಲ್ಲ ಕದಡಿದ್ದರೆ ಅದನ್ನು ಕೈ ನಡುಕ ಎನ್ನುತ್ತೇವೆ. ಒಂದು ಭಾಗ ಕಲ್ಲಿನಂತೆ ನಿಂತು ಇನ್ನೊಂದು ಭಾಗ ಕದಡಿದ್ದರೆ ಮಾತ್ರ ಗಾಳಿ ಎನ್ನುತ್ತೇವೆ.

ನಮ್ಮ ನಾಡಿನ ಅತಿ ಹಳೆಯ ಫೋಟೊಗಳು ಈ ವಾದಕ್ಕೆ ಸಾಕ್ಷಿ. 1855ರಲ್ಲಿ ಮುಂಬೈ ಸರಕಾರ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬವರನ್ನು ಪ್ರಾಚೀನ ಕಟ್ಟಡಗಳ ಫೋಟೊ ತೆಗೆಯಲು ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆಗಳ ಮೊದಲ ಚಿತ್ರಗಳು ಅವರವು. ಅವರನ್ನು ಸೇನೆ ಮರಳಿ ಕರೆಸಿಕೊಂಡ ಮೇಲೆ ವೈದ್ಯ ವಿಲಿಯಂ ಪಿಗೌ ಆ ಕೆಲಸ ಮುಂದುವರಿಸಿದರು. ಇವರಿಬ್ಬರ ಜೊತೆಗೆ ಇನ್ನೊಬ್ಬ ವೈದ್ಯ ನೀಲ್ ತೆಗೆದ ಚಿತ್ರಗಳೂ ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಸಂಪುಟವಾಗಿ ಲಂಡನ್ನಿನಲ್ಲಿ ಅಚ್ಚಾದವು. ಅದಕ್ಕೆ ಬರಹ ಒದಗಿಸಿದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್. ನಮ್ಮ ಗದಗ, ಲಕ್ಕುಂಡಿಗಳ ಗುಡಿಗಳು ಕ್ಯಾಮೆರಾದ ಎದುರು ನಿಂತದ್ದು 1850ರ ದಶಕದಲ್ಲಿ. ಅತ್ತ 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಹೆಚ್ಚುಕಡಿಮೆ ಒಂದು ಮೊಳ ಉದ್ದದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದರು. ಕಾಗದವೇ ಯಾಕೆ? ಆ ಹೊತ್ತಿಗಾಗಲೇ ಗಾಜಿನ ಮೇಲೆ ಹಸಿ ಕೊಲೋಡಿಯನ್ ಬಳಿದು ತೆಗೆಯುವ ವಿಧಾನ ಬಂದಿತ್ತು. ಅದು ಇನ್ನೂ ನುಣುಪು, ಇನ್ನೂ ಬೇಗ. ಆದರೆ ಆ ಲೇಪ ಒಣಗುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕು. ನಮ್ಮ ಬಿಸಿಲಿಗೂ ಒಣಗಾಳಿಗೂ ಅದು ನಿಮಿಷಗಳಲ್ಲಿ ಸುಕ್ಕುಗಟ್ಟುತ್ತದೆ. ಮೇಣ ಉಜ್ಜಿದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿಟ್ಟುಕೊಂಡು, ಚಿತ್ರ ತೆಗೆದು, ಬಿಡಾರಕ್ಕೆ ಮರಳಿದ ಮೇಲೆ ತೊಳೆಯಬಹುದು. ಅದಕ್ಕೆ ತೆರಬೇಕಾದ ಬೆಲೆ ಎಂದರೆ ನಿಮಿಷಗಟ್ಟಲೆ ಲೆನ್ಸು ತೆರೆದಿಡುವುದು. ಅಂದರೆ ಯಾವ ವಿಧಾನ ಬಳಸಬೇಕು, ಯಾವುದನ್ನು ತೆಗೆಯಬೇಕು ಎಂಬೆರಡನ್ನೂ ಇಲ್ಲಿಯ ಹವೆಯೇ ತೀರ್ಮಾನಿಸಿತು. ಕಲ್ಲುಕಂಬದ ಕುಸುರಿ ಅಂಥ ಹಾಳೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ, ಗೋಪುರದ ಬಿರುಕಿನಲ್ಲಿ ಹುಟ್ಟಿದ ಗಿಡದ ಎಲೆಗಳು ಮಸುಕಾಗುತ್ತವೆ. ಆ ಮಸುಕನ್ನು ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ತಂತ್ರದ ಬಡತನ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು 1856ರ ಗಾಳಿಯ ಗುರುತು. ಆ ದಿನದ ಗಾಳಿಯ ಬಗ್ಗೆ ಬೇರೆ ಯಾವ ದಾಖಲೆ ನಮ್ಮಲ್ಲಿದೆ?

ನಮ್ಮ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುವ ಶಾಲೆಯ ಗುಂಪು ಚಿತ್ರಗಳೂ ಇದೇ ವಂಶದವು. ತಾಲ್ಲೂಕಿನ ಸ್ಟುಡಿಯೊಗಳಲ್ಲಿ ಬಹುಕಾಲ ಉಳಿದದ್ದು ಮರದ ಫೀಲ್ಡ್ ಕ್ಯಾಮೆರಾ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ ದಕ್ಷಿಣದ ಸ್ಟುಡಿಯೊಗಳಲ್ಲೆಲ್ಲ ಹೆಸರುವಾಸಿ. ಅಂಥ ಚಿತ್ರವೊಂದನ್ನು ಹತ್ತಿರ ಹಿಡಿದು ನೋಡಿದರೆ ಕುರ್ಚಿಯ ಮೇಲಿನ ಮಾಸ್ತರರ ಕೋಟಿನ ಗುಂಡಿ, ಪೇಟದ ಸುತ್ತು ಎಣಿಸುವಂತಿರುತ್ತವೆ. ಹಿಂದಿನ ಸಾಲಿನಲ್ಲಿ ಬೆಂಚು ಹತ್ತಿ ನಿಂತ ಹುಡುಗನೊಬ್ಬನ ಮುಖ ಎರಡಾಗಿರುತ್ತದೆ, ಧೋತರದ ಚುಂಗು ಹೊಗೆಯಾಗಿರುತ್ತದೆ. ಉಸಿರು ಬಿಗಿಹಿಡಿದವರು ಯಾರು, ಹಿಡಿಯದವರು ಯಾರು ಎಂಬುದು ಇಷ್ಟು ವರ್ಷದ ಮೇಲೂ ಗೊತ್ತಾಗುತ್ತದೆ.

ಇನ್ನು ದ್ವೀಪಕ್ಕೆ ಬರೋಣ. ಸೇಂಟ್ ಮೇರೀಸ್ ಎಂದು ಒಂದೇ ಹೆಸರಿನಿಂದ ಕರೆದರೂ ಅದು ನಾಲ್ಕು ಮುಖ್ಯ ದ್ವೀಪಗಳ ಸಾಲು. ದೋಣಿ ಹೋಗುವುದು ತೆಂಗಿನ ಮರಗಳಿರುವ ದ್ವೀಪಕ್ಕೆ. ಸ್ಥಳೀಯರು ಅದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಉದ್ದ ಸುಮಾರು ಅರ್ಧ ಕಿಲೊಮೀಟರು, ಅಗಲ ನೂರು ಮೀಟರಿನ ಆಸುಪಾಸು. ಅಲ್ಲಿಯ ಕಲ್ಲುಕಂಬಗಳನ್ನು ಬಸಾಲ್ಟ್ ಎನ್ನುವುದು ರೂಢಿಯಾದರೂ ಭೂವಿಜ್ಞಾನಿಗಳ ಪ್ರಕಾರ ಅದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಲಾವಾ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲಕ್ಕೆ ಉಕ್ಕಿ ಬಂದದ್ದು. ಕಾದ ಲಾವಾ ನಿಧಾನವಾಗಿ ತಣಿದು ಕುಗ್ಗುವಾಗ ಮೇಲಿನಿಂದ ಕೆಳಗೆ ಸೀಳುತ್ತ ಹೋಗಿ ಐದು, ಆರು, ಏಳು ಮುಖದ ಕಂಬಗಳಾದವು. ಅವುಗಳ ಅಂಚು ಇಂದಿಗೂ ಬಡಗಿ ಉಳಿ ಹಿಡಿದು ಕೆತ್ತಿದಷ್ಟು ನೇರ. ಈಗ ಗಾಳಿ ಹೊತ್ತಿನಲ್ಲಿ ಅಲ್ಲಿ ಯಾವುದು ಅಲುಗುತ್ತದೆ, ಯಾವುದು ಅಲುಗದು ಎಂದು ನೋಡಿ. ತೆಂಗಿನ ಗರಿ ಅಲುಗುತ್ತದೆ. ಕಂಬಗಳ ನಡುವೆ ನುಗ್ಗುವ ನೀರು ಅಲುಗುತ್ತದೆ. ಕಲ್ಲು ಅಲುಗುವುದಿಲ್ಲ. ಪ್ರಪಂಚದಲ್ಲಿ ಇಷ್ಟು ಸಣ್ಣ ಜಾಗದಲ್ಲಿ, ಇಷ್ಟು ಗಟ್ಟಿಯಾದದ್ದೂ ಇಷ್ಟು ಚಂಚಲವಾದದ್ದೂ ಮೈಗೆ ಮೈ ತಾಗಿ ನಿಂತಿರುವ ಕಡೆಗಳು ಬಹಳ ಇರಲಾರವು. ನೂರು ಐಎಸ್‌ಒ ಫಿಲ್ಮಿಗೆ ಚುರುಕು ಬಿಸಿಲಿನಲ್ಲಿ ಲೆನ್ಸಿನ ಕಿಂಡಿ ಎಫ್ 16ಕ್ಕೆ ಇದ್ದರೆ ಸೆಕೆಂಡಿನ 100ನೇ ಒಂದು ಭಾಗ ಸಾಕು. ಎಫ್ 32ಕ್ಕೆ ಇಳಿದರೆ 25ನೇ ಒಂದು ಭಾಗ. ಆಕಾಶದ ಬಣ್ಣ ತಗ್ಗಿಸಲು ಕಿತ್ತಳೆ ಫಿಲ್ಟರು ಹಾಕಿದರೆ ಆರನೇ ಒಂದು ಭಾಗ. ಅಷ್ಟರಲ್ಲಿ ಗರಿಯ ತುದಿ ಗೇಣುದ್ದ ಓಡಿರುತ್ತದೆ. ಕಲ್ಲಿನ ಮೇಲೆ ಕೂತ ಶಂಬುಕದ ಚಿಪ್ಪು ಮಾತ್ರ ಭೂತಗನ್ನಡಿಯಲ್ಲಿ ನೋಡಿದರೂ ಚೂಪು. ನಾಲ್ಕು ಇಂಚಿಗೆ ಐದು ಇಂಚಿನ ಹಾಳೆಗೆ 35 ಮಿಲಿಮೀಟರ್ ಫಿಲ್ಮಿನ ಸುಮಾರು 15 ಪಟ್ಟು ಹರಹು ಇರುವುದರ ಲಾಭ ಇಲ್ಲಿದೆ.

ಹಾಗಾದರೆ ಕ್ಯಾಮೆರಾವೇ ಅಲುಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ, ಅದಕ್ಕೆ ಉತ್ತರ ಕೊಡಬೇಕು. ತಿದಿ ಗಾಳಿ ಹಿಡಿಯುತ್ತದೆ ಎನ್ನುವುದು ಖರೆ. ಅದಕ್ಕೇ ಗಿಡ್ಡ ತಿದಿ ಸಾಕಾಗುವ 90 ಮಿಲಿಮೀಟರಿನಂಥ ಅಗಲ ನೋಟದ ಲೆನ್ಸು ದ್ವೀಪದಲ್ಲಿ ಮೇಲು. ಸ್ಟ್ಯಾಂಡಿನ ನಡುಕಂಬ ಎತ್ತಬಾರದು, ಕಾಲುಗಳನ್ನು ಅಗಲಿಸಿ ಮೊಣಕಾಲೆತ್ತರಕ್ಕೆ ಇಳಿಸಬೇಕು, ನಡುವೆ ಕಲ್ಲು ತುಂಬಿದ ಚೀಲ ತೂಗುಬಿಟ್ಟು ಅದರ ತಳ ನೆಲಕ್ಕೆ ತಾಗಿರುವಂತೆ ನೋಡಿಕೊಳ್ಳಬೇಕು. ತಾಗದೆ ಜೋತಾಡುವ ಚೀಲ ಇನ್ನಷ್ಟು ಅಲುಗಾಟ ತರುತ್ತದೆ. ಗಾಳಿ ಬರುವ ಕಡೆಗೆ ಒಬ್ಬರು ಕೊಡೆ ಹಿಡಿದು ನಿಂತರೆ ಅರ್ಧ ಕೆಲಸವಾಯಿತು, ಕಂಬಗಳ ಮರೆ ಸಿಕ್ಕರೆ ಮುಕ್ಕಾಲು. ಇದಕ್ಕಿಂತ ದೊಡ್ಡ ಉಪಾಯ ಈ ಕ್ಯಾಮೆರಾದ ಒಡಲಲ್ಲೇ ಇದೆ. ಲೆನ್ಸು ಕೂತ ಹಲಗೆಯನ್ನು ತುಸು ಮುಂದಕ್ಕೆ ಬಾಗಿಸಿದರೆ ಕಾಲಬುಡದ ಕಲ್ಲಿನಿಂದ ದಿಗಂತದವರೆಗೆ ಇಡೀ ನೆಲ ಎಫ್ 16ರಲ್ಲೇ ಸ್ಪಷ್ಟವಾಗುತ್ತದೆ. ಬಾಗಿಸಲು ಬಾರದ ಕ್ಯಾಮೆರಾದಲ್ಲಿ ಅದಕ್ಕೆ ಎಫ್ 45 ಬೇಕಾದೀತು. ಇವೆರಡರ ನಡುವೆ ಮೂರು ಮೆಟ್ಟಿಲು, ಎಂದರೆ ಎಂಟು ಪಟ್ಟು ಬೇಗ. ನಿಧಾನದ್ದೆಂದು ಹೆಸರಾದ ಕ್ಯಾಮೆರಾ ಬೇಕೆಂದಾಗ ಎಂಟು ಪಟ್ಟು ಚುರುಕಾಗಬಲ್ಲದು ಎನ್ನುವುದನ್ನು ಗಾಳಿಯ ಮಾತೆತ್ತುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಮಿಕ್ಕದ್ದು ಕಾಯುವಿಕೆ. ಗಾಳಿ ಒಂದೇ ಸಮ ಬೀಸುವುದಿಲ್ಲ. ಕ್ಯಾಮೆರಾದ ಹಿಂಬದಿಯ ಉಜ್ಜುಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಕಂಬದ ಅಂಚನ್ನು ಮಸೂರ ಇಟ್ಟು ನೋಡುತ್ತಿದ್ದರೆ ಗಾಳಿ ಹೊಡೆದಾಗ ಆ ಒಂದು ಗೆರೆ ಎರಡಾಗುತ್ತದೆ, ಬಿಟ್ಟಾಗ ಕೂಡಿಕೊಳ್ಳುತ್ತದೆ. ಫಿಲ್ಮು ಸೇರಿಸಿದ ಮೇಲೆ ಗಾಜು ಕಾಣದು. ಆಗ ಸ್ಟ್ಯಾಂಡಿಗೆ ಕಟ್ಟಿದ ಗೇಣುದ್ದದ ದಾರ ನೋಡಬೇಕು. ಅದು ಜೋತುಬಿದ್ದಾಗ ಶಟರಿನ ಕೇಬಲು ಒತ್ತಬೇಕು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ಬಲ್ಲ ರೈತನಿಗೆ ಅದು ನಿಲ್ಲುವ ಗಳಿಗೆಯೂ ಗೊತ್ತಿರುತ್ತದೆ. ಹೊತ್ತಿನ ಆಯ್ಕೆಯೂ ಮುಖ್ಯ. ಕರಾವಳಿಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತೆಳುಗಾಳಿ, ಮಧ್ಯಾಹ್ನ ನೆಲ ಕಾದ ಮೇಲೆ ಕಡಲ ಕಡೆಯಿಂದ ಜೋರು ಗಾಳಿ. ಮಳೆಗಾಲದಲ್ಲಂತೂ ದೋಣಿಯೇ ಬಿಡುವುದಿಲ್ಲ. ಉಪ್ಪುಹನಿಯ ಕಾಟಕ್ಕೆ ಒದ್ದೆಬಟ್ಟೆ, ಒಣಬಟ್ಟೆ ಎರಡೂ ಇರಬೇಕು. ನಮ್ಮ ಒಣ ಸೀಮೆಯಲ್ಲಿ ಸಲೀಸಾಗಿ ಜಾರುವ ಮರದ ಹಳಿಗಳು ಕಡಲಿನ ತೇವಕ್ಕೆ ಉಬ್ಬಿ ಬಿಗಿಯುತ್ತವೆ, ಅದಕ್ಕೆ ಒಂದು ತುಂಡು ಮೇಣ ಸಾಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಡಿಜಿಟಲ್ ಕ್ಯಾಮೆರಾದವರದು. ಕಪ್ಪು ಫಿಲ್ಟರು ಹಾಕಿಕೊಂಡರೆ ಅವರೂ ಒಂದು ಸೆಕೆಂಡಲ್ಲ, ಒಂದು ನಿಮಿಷವೇ ತೆರೆದಿಡಬಲ್ಲರು. ಗರಿಯ ಮಸುಕೂ ಸಿಗುತ್ತದೆ, ಕಲ್ಲಿನ ಚೂಪೂ ಸಿಗುತ್ತದೆ. ಬಾಗುವ ಲೆನ್ಸುಗಳೂ ಉಂಟು. ಮೇಲಾಗಿ ತಪ್ಪಿದರೆ ಅಲ್ಲೇ ನೋಡಿ ಮತ್ತೆ ತೆಗೆಯಬಹುದು. ಫಿಲ್ಮಿನ ಹಾಳೆಗಳೋ ಹೊರದೇಶದಿಂದ ಬರಬೇಕು, ತುಟ್ಟಿ, ತೊಳೆದುಕೊಡುವವರೂ ವಿರಳ. ಇದೆಲ್ಲ ನಿಜ. ಆಗದ ಕೆಲಸವನ್ನು ಫಿಲ್ಮು ಮಾಡಿಕೊಡುತ್ತದೆ ಎಂದು ನಾನು ವಾದಿಸುವುದಿಲ್ಲ. ನನ್ನ ವಾದ ಇರುವುದು ರೂಢಿಯ ಬಗ್ಗೆ. ಚುರುಕು ಕ್ಯಾಮೆರಾ ಹಿಡಿದವನಿಗೆ ಗಾಳಿ ಎಂದರೆ ಶಟರಿನ ವೇಗ ಹೆಚ್ಚಿಸಿ ದಾಟಿಕೊಳ್ಳಬಹುದಾದ ಅಡ್ಡಿ. ಅದನ್ನು ಉಳಿಸಿಕೊಳ್ಳಬೇಕಾದರೆ ಅವನು ಬೇಕೆಂದೇ ವಿಶೇಷ ಏರ್ಪಾಡು ಮಾಡಬೇಕು. ದೊಡ್ಡ ಕ್ಯಾಮೆರಾದವನಿಗೆ ಗಾಳಿ ಮೊದಲೇ ಚಿತ್ರದೊಳಗೆ ಇದೆ. ಎಷ್ಟು ಇರಲಿ, ಎಲ್ಲಿ ಇರಲಿ ಎಂಬುದನ್ನಷ್ಟೇ ಅವನು ನಿರ್ಧರಿಸಬೇಕು. ಹಾಗಾಗಿ ಅವನು ದ್ವೀಪದಲ್ಲಿ ಮಾಡುವ ಮೊದಲ ಕೆಲಸ ಫೋಟೊ ತೆಗೆಯುವುದಲ್ಲ, ಗಾಳಿ ಎತ್ತಣಿಂದ ಬೀಸುತ್ತಿದೆ, ಯಾವ ಗರಿ ಯಾವ ಕಡೆ ಹೊರಳುತ್ತದೆ, ಅಲೆ ಎಷ್ಟನೆಯ ಕಂಬದವರೆಗೆ ಏರಿ ಇಳಿಯುತ್ತದೆ ಎಂದು ನೋಡುತ್ತ ನಿಲ್ಲುವುದು. ಆರು ಹಾಳೆ ಮಾತ್ರ ಕೈಯಲ್ಲಿದ್ದಾಗ ಆ ನೋಟ ತಾನಾಗಿ ಬರುತ್ತದೆ. ಸಾವಿರ ಚಿತ್ರ ಹಿಡಿಯುವ ಕಾರ್ಡು ಕೈಯಲ್ಲಿದ್ದೂ ಅಷ್ಟೇ ಹೊತ್ತು ಸುಮ್ಮನೆ ನಿಂತು ನೋಡುವವರು ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ತಮ್ಮ ಉಪಕರಣದ ಸೆಳೆತಕ್ಕೆ ಎದುರಾಗಿ ಹಾಗೆ ನಿಲ್ಲುವವರು.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನಿಧಾನದ ಕ್ಯಾಮೆರಾ ಕಲ್ಲಿನ ಪಕ್ಷಪಾತಿ. 1850ರ ದಶಕದ ಆ ಚಿತ್ರಗಳಲ್ಲಿ ಗುಡಿ ಇದೆ, ಗುಡಿಯ ಎದುರು ಓಡಾಡಿದ ಜನ ಬಹುಮಟ್ಟಿಗೆ ಇಲ್ಲ. ಎಲ್ಲೋ ಅಳತೆಗೆಂದು ನಿಲ್ಲಿಸಿದ ಒಬ್ಬಿಬ್ಬರು ಸಿಕ್ಕಾರು. ಕಾಗದ ತೆರೆದಿದ್ದಷ್ಟು ಹೊತ್ತಿನಲ್ಲಿ ನೀರು ಹೊತ್ತು ಹೋದ ಹೆಂಗಸು, ದನ ಹೊಡೆದುಕೊಂಡು ಬಂದ ಹುಡುಗ ಹಾಳೆಯ ಮೇಲೆ ನೆರಳಾಗಿಯೂ ಉಳಿಯಲಿಲ್ಲ. ಮುಂದೆ ಗಾಜಿನ ಒಣ ತಟ್ಟೆಗಳು ಬಂದು ವೇಗ ಹೆಚ್ಚಿತು. ಆದರೂ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳ ಬಗ್ಗೆ 1926ರಲ್ಲಿ ಹೊರತಂದ ಗ್ರಂಥದಲ್ಲಿ ನಮ್ಮ ನೆರೆಯ ಸೂಡಿಯ ಕಲ್ಲುಗಳಿಗೆ ಸಿಕ್ಕ ಜಾಗ ಸೂಡಿಯ ಜನಕ್ಕೆ ಸಿಗಲಿಲ್ಲ. ಪುರಾತತ್ವದವರ ಆಸಕ್ತಿಯೇ ಹಾಗಿತ್ತು ಎನ್ನಬಹುದು. ಆದರೆ ಕ್ಯಾಮೆರಾದ ಸ್ವಭಾವ ಆ ಆಸಕ್ತಿಗೆ ಒತ್ತಾಸೆಯಾಗಿ ನಿಂತಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಖಾಲಿ ನಾಡಿನ ಪಾಳು ಗುಡಿಗಳು ಎಂಬ ನೋಟ ಹುಟ್ಟಿದ್ದರಲ್ಲಿ ಅದರದೂ ಪಾಲಿದೆ. ಮಲ್ಪೆಯ ಬಂದರಿನಲ್ಲಿ ಮೀನು ಇಳಿಸುವವರ ನಡುವೆ ಈ ಕ್ಯಾಮೆರಾ ನಿಲ್ಲಿಸುವುದು ಸರಿಯಲ್ಲ. ಅವರ ಕೆಲಸಕ್ಕೂ ತೊಡಕು, ಚಿತ್ರದಲ್ಲಿ ಅವರಿಗೆ ಸಿಗುವುದೂ ಬರಿಯ ಮಸುಕು. ಅಲ್ಲಿ ಸಣ್ಣ ಕ್ಯಾಮೆರಾವೇ ನ್ಯಾಯ. ಹಾಗೆಯೇ ಜಾತ್ರೆಯ ತೇರಿಗೂ. ನಾನು ಸಮರ್ಥಿಸುತ್ತಿರುವುದು ಗಾಳಿ ಮತ್ತು ಕಲ್ಲು ಎರಡೇ ಮಾತಾಡುವ ಜಾಗಗಳಲ್ಲಿ ಇದರ ಬಳಕೆಯನ್ನು, ಎಲ್ಲೆಡೆಯಲ್ಲ.

ಅಂಥ ಜಾಗಗಳಿಗೆ ಈ ಕ್ಯಾಮೆರಾದಿಂದ ಇನ್ನೊಂದು ಉಪಕಾರವಿದೆ. ಗ್ರೀನ್‌ಲಾ ಹಂಪಿಯಲ್ಲಿ ಸ್ಟ್ಯಾಂಡು ಊರಿದ ಎಡೆಗಳನ್ನೇ ಹುಡುಕಿಕೊಂಡು ಹೋಗಿ ಆಸ್ಟ್ರೇಲಿಯಾದ ಜಾನ್ ಗೊಲ್ಲಿಂಗ್ಸ್ 1983ರಲ್ಲಿ ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ 127 ವರ್ಷಗಳಲ್ಲಿ ಬಿದ್ದದ್ದೇನು, ಉಳಿದದ್ದೇನು, ಬೆಳೆದದ್ದೇನು ಎಂದು ಕಲ್ಲು ಕಲ್ಲು ಹೋಲಿಸಿ ನೋಡುವುದು ಸಾಧ್ಯವಾಯಿತು. ಕೈಯಲ್ಲಿ ಹಿಡಿದು ಓಡಾಡುತ್ತ ತೆಗೆದ ಚಿತ್ರಕ್ಕೆ ಇಂಥ ಮರುಭೇಟಿ ಕಷ್ಟ, ಅದರ ನಿಲುವು ತೆಗೆದವನಿಗೇ ನೆನಪಿರುವುದಿಲ್ಲ. ಮೂರು ಕಾಲೂರಿ, ಮಟ್ಟ ನೋಡಿ, ಹೊತ್ತು ಹಿಡಿದು ತೆಗೆದ ಚಿತ್ರಕ್ಕೆ ವಿಳಾಸವಿರುತ್ತದೆ. ತೋನ್ಸೆಪಾರಿನ ಕಂಬಗಳ ಮೇಲೆ ಈಗ ದಿನವೂ ಪ್ರವಾಸಿಗಳ ಕಾಲು, ಬುಡಕ್ಕೆ ಅಲೆಯ ಹೊಡೆತ. ಯಾವ ಕಂಬದ ತಲೆ ಯಾವಾಗ ಮುರಿಯಿತು, ಮರಳು ಎಷ್ಟು ಸರಿಯಿತು, ಯಾವ ತೆಂಗು ಉರುಳಿತು ಎಂದು ಮುಂದಿನವರು ಕೇಳಿದರೆ ತೋರಿಸಲು ಏನಾದರೂ ಇರಬೇಕು. ಅದಕ್ಕಾಗಿ ಪ್ರತಿಯೊಂದು ಹಾಳೆಯ ಲಕೋಟೆಯ ಮೇಲೂ ದಿನ, ಹೊತ್ತು, ಲೆನ್ಸು, ನೆಲದಿಂದ ಕ್ಯಾಮೆರಾದ ಎತ್ತರ, ನೋಡಿದ ದಿಕ್ಕು, ಉಬ್ಬರವೋ ಇಳಿತವೋ ಎಂಬುದು, ಬೀಸುತ್ತಿದ್ದ ಗಾಳಿಯ ದಿಕ್ಕು, ಲೆನ್ಸು ತೆರೆದಿದ್ದ ಅವಧಿ ಇಷ್ಟನ್ನು ಬರೆದಿಡುವುದು ಒಳ್ಳೆಯದು, ಅದೂ ಪೆನ್ಸಿಲಿನಲ್ಲಿ. ಕಡಲಿನ ತೇವಕ್ಕೆ ಶಾಯಿ ಹರಡುತ್ತದೆ.